ಸೌಂದ್ ಅವರ ಹೊಲದ ವರ್ಷಗಳು

ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ದಲೀಪ್ ಸಿಂಗ್ ಸೌಂದ್ ಬಗ್ಗೆ ನೀವು ಲೇಖನ ಬರೆದದ್ದಕ್ಕೆ ತುಂಬಾ ಧನ್ಯವಾದ. ಆದರೆ ಲೇಖನ ಅವರು ಗೆದ್ದ 1956ರ ಆ ಚುನಾವಣೆಗೇ ಜಾಸ್ತಿ ಜಾಗ ಕೊಟ್ಟಿದೆ. ನನಗೆ ಅದಕ್ಕಿಂತ ಮುಂಚಿನ ಮೂವತ್ತು ವರ್ಷಗಳೇ ದೊಡ್ಡವು ಅನಿಸುತ್ತವೆ.

ಪಂಜಾಬಿನಿಂದ 1920ರಲ್ಲಿ ಅಮೆರಿಕಕ್ಕೆ ಹೋದ ಹುಡುಗ. ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದರು. ಅಷ್ಟು ಓದಿಯೂ ಅದೇ ರಾಜ್ಯದ ಇಂಪೀರಿಯಲ್ ಕಣಿವೆಯ ಸುಡುಬಿಸಿಲಲ್ಲಿ ಬೇಸಾಯಕ್ಕೆ ಇಳಿದರು. ಭಾರತೀಯರಿಗೆ ಪೌರತ್ವ ಇಲ್ಲ ಅಂತ 1923ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಪೌರತ್ವ ಸಿಗದವರು ಕ್ಯಾಲಿಫೋರ್ನಿಯಾದಲ್ಲಿ ಹೊಲ ಕೊಳ್ಳುವ ಹಾಗೂ ಇರಲಿಲ್ಲ. ದುಡಿಯಬಹುದು, ಆದರೆ ಆ ಮಣ್ಣು ನಿನ್ನದಲ್ಲ ಅಂದರೆ ರೈತನಿಗೆ ಹೇಗಾಗುತ್ತದೆ! ನಾನೂ ರೈತರ ಮನೆಯವಳು, ಅದು ಓದಿ ಸಂಕಟವಾಯಿತು.

ಅವರು ಸುಮ್ನೆ ಕೂರಲಿಲ್ಲ. ಕಾನೂನು ಬದಲಾಗಲಿ ಅಂತ ಓಡಾಡಿದರು. 1946ರಲ್ಲಿ ಬದಲಾಯಿತು, 1949ರಲ್ಲಿ ಅವರಿಗೆ ಪೌರತ್ವ ಸಿಕ್ಕಿತು. ಮರುವರ್ಷವೇ ಊರಿನ ನ್ಯಾಯಾಧೀಶರ ಚುನಾವಣೆ ಗೆದ್ದರು. ಪೌರತ್ವ ಸಿಕ್ಕಿ ಒಂದು ವರ್ಷ ತುಂಬಿರಲಿಲ್ಲ ಅಂತ ಕುರ್ಚಿ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು! ಈ ಪ್ರಸಂಗ ಲೇಖನದಲ್ಲಿ ಇರಲೇಬೇಕಿತ್ತು ಅಲ್ವಾ?

ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಏಷ್ಯನ್ ಮೂಲದವರು ಅವರು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಮಿಶಿಗನ್ ರಾಜ್ಯದ ಶಾಸಕರಾಗಿ, 2023ರಲ್ಲಿ ಅದೇ ಸಂಸತ್ತಿಗೆ ಕಾಲಿಟ್ಟರು. ಅವರು ರೈತರಲ್ಲ, ಉದ್ಯಮಿ. ಆದರೂ ಆ ಬಾಗಿಲನ್ನು ಮೊದಲು ತಟ್ಟಿದ್ದು ಹೊಲದಲ್ಲಿ ದುಡಿದ ಕೈ.

ಆ ಬೇಸಾಯದ ದಿನಗಳ ಬಗ್ಗೆ ಇನ್ನೊಂದು ಲೇಖನ ಬರೆಯಿರಿ, ದಯವಿಟ್ಟು.