ಬಿಹಾರ 0.6, ಕೇರಳ 28.5, ಮತ್ತೆ ನಮ್ಮ ತೊಗರಿ ಸೀಮೆ

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) 2022ರ ಆತ್ಮಹತ್ಯೆ ಲೆಕ್ಕ ನಮ್ಮ ಕಲಬುರಗಿ ಗೆಳೆಯರ ವಾಟ್ಸಾಪ್ ಗುಂಪಿಗೂ ಬಂದಿತ್ತು. ಲಕ್ಷ ಜನರಿಗೆ ಕೇರಳದಲ್ಲಿ 28.5, ಕರ್ನಾಟಕದಲ್ಲಿ 20ರ ಆಸುಪಾಸು, ಬಿಹಾರದಲ್ಲಿ ಬರೀ 0.6. ಒಬ್ಬ ಗೆಳೆಯ ತಕ್ಷಣ ತೀರ್ಪು ಕೊಟ್ಟ: "ಓದಿದವ್ರಿಗೇ ಧೈರ್ಯ ಕಮ್ಮಿ ನೋಡ್ರಿ." ಹತ್ತು ಜನ ಹೆಬ್ಬೆರಳು ಎತ್ತಿದರು.

ಬಿಹಾರದವರ ಕಷ್ಟ ಕೇರಳದವರಿಗಿಂತ ನಲವತ್ತಕ್ಕೂ ಹೆಚ್ಚು ಪಟ್ಟು ಕಮ್ಮಿ ಅಂತ ನಂಬೋಕಾಗುತ್ತಾ? ಇದು ಪೊಲೀಸ್ ಠಾಣೆಯಲ್ಲಿ ದಾಖಲಾದ ಸಾವುಗಳ ಲೆಕ್ಕ. ಠಾಣೆಗೆ ಗೊತ್ತಾಗದೆ ಮಣ್ಣಾದವರು ಇದರಲ್ಲಿ ಇಲ್ಲ. 2010ರಲ್ಲಿ ಎನ್‌ಸಿಆರ್‌ಬಿ ದೇಶದಲ್ಲಿ ಸುಮಾರು 1.35 ಲಕ್ಷ ಆತ್ಮಹತ್ಯೆ ಎಂದಿತ್ತು. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ಅಧ್ಯಯನವೊಂದು ಅದೇ ವರ್ಷಕ್ಕೆ 1.87 ಲಕ್ಷ ಎಂದು ಅಂದಾಜು ಮಾಡಿತು. ದಕ್ಷಿಣದಲ್ಲಿ ಜಾಸ್ತಿ ಅನ್ನೋದು ಅದರಲ್ಲೂ ಕಂಡಿತು. ಹಾಗಾಗಿ ಎಲ್ಲಾ ಬರೀ ದಾಖಲೆಯ ತಪ್ಪು ಅಂತಲೂ ಕೈತೊಳೆದುಕೊಳ್ಳೋ ಹಾಗಿಲ್ಲ.

ದಾಖಲಾದದ್ದಾದರೂ ಹೇಗೆ? ನಮ್ಮ ಕಡೆ ಹಳ್ಳಿಯಲ್ಲಿ ಸೊಸೆಯೊಬ್ಬಳು ಜೀವ ಕಳೆದುಕೊಂಡಾಗ ಪಂಚನಾಮೆಗೆ ಬಂದವರ ಮುಂದೆ ಹಿರಿಯರು ಕೈಮುಗಿದು, "ಸಾಹೇಬ್ರೆ, ಹೊಟ್ಟಿನೋವು ಇತ್ತು ಅಂತ ಬರಕೊಳ್ರಿ, ಮನಿ ಮರ್ಯಾದಿ ಪ್ರಶ್ನೆ ಅದ" ಅಂದದ್ದನ್ನು ಕೇಳಿದ್ದೇನೆ. ಮರುದಿನದ ಪೇಪರಿನಲ್ಲೂ ಅದೇ: ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು. 2022ರ ದೇಶದ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4. ಆ ಕಾಯಿಲೆಯ ಕಾಲಂನಲ್ಲಿ ಇಂಥ ಹೊಟ್ಟೆನೋವು ಎಷ್ಟಿದೆಯೋ!

ರೈತರ ಸಾಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮಾತಾಡಲೇಬೇಕು. ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿದ ವರ್ಷ ನಮಗೆ ಮರೆತಿಲ್ಲ. ಆದರೆ ಸಾಲ ತೀರಿಸೋಕೆ ವರ್ಷಗಳು ಬೇಕು. ಬೇಗ ಆಗಬಹುದಾದ ಕೆಲಸ ಇನ್ನೊಂದಿದೆ. ಕಾಯಿಕೊರಕಕ್ಕೆ ಅಂತ ಅಂಗಡಿಯಿಂದ ಉದ್ರಿ ತಂದ ಎಣ್ಣಿ, ಅಂದರೆ ಕೀಟನಾಶಕ, ಹೊಡೆದು ಉಳಿದದ್ದು, ಎಲ್ಲಿರುತ್ತದೆ? ಜೋಳದ ಚೀಲದ ಪಕ್ಕ, ಎಲ್ಲರ ಕೈಗೆ ಸಿಗುವಂತೆ. ಕೆಟ್ಟ ಗಳಿಗೆ ಎಷ್ಟೋ ಸಲ ಕೆಲವೇ ಗಂಟೆಯದು, ದಾಟಿದರೆ ಬದುಕು ಮುಂದೆ ಸಾಗುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗಬಾರದು, ಅಷ್ಟೇ. ಶ್ರೀಲಂಕಾ ಹೆಚ್ಚು ವಿಷದ ಕೀಟನಾಶಕಗಳನ್ನು 1995ರಿಂದ ಒಂದೊಂದಾಗಿ ನಿಷೇಧಿಸಿತು. ಎರಡು ದಶಕದಲ್ಲಿ ಅಲ್ಲಿ ಆತ್ಮಹತ್ಯೆ ಪ್ರಮಾಣ ಶೇ 70ರಷ್ಟು ಇಳಿಯಿತು. ಬೆಳೆಯ ಇಳುವರಿ ಕುಸಿಯಲಿಲ್ಲ. ಅವರ ಜನಕ್ಕೆ ದಿಢೀರನೆ ಧೈರ್ಯ ಬಂತಾ? ಇಲ್ಲ. ಅಂಗಡಿಯಲ್ಲಿ ಮಾಲು ಬದಲಾಯಿತು.

ಇನ್ನು ಡಾಕ್ಟರ ವಿಷಯ. ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಕೊಟ್ಟದ್ದು ನಮ್ಮದೇ ಭಾಗದ ಬಳ್ಳಾರಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಮಾಡಿ ತೋರಿಸಿದ್ದರು. 2014ರಲ್ಲಿ ಮನೋಚೈತನ್ಯ ಬಂತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಅನ್ನೋ ಯೋಜನೆ ಅದು. ನಮ್ಮೂರಲ್ಲಿ ನಾನು ಕೇಳಿದ ಯಾರಿಗೂ ಇದು ಗೊತ್ತಿರಲಿಲ್ಲ. ಹುಚ್ಚಾಸ್ಪತ್ರೆಯಾ ಅಂತ ನಕ್ಕವರೇ ಜಾಸ್ತಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಬಂದ ಮೇಲೆ ಹೊಸ ಕಟ್ಟಡಗಳನ್ನು ನೋಡಿದ್ದೇವೆ, ಸಂತೋಷ. ಗ್ರಾಮ ಪಂಚಾಯ್ತಿ ಗೋಡೆ ಮೇಲೆ ಈ ಮಂಗಳವಾರದ ಸುದ್ದಿ ಬರೆಸೋಕೆ ಎಷ್ಟು ಖರ್ಚಾಗುತ್ತೆ ಹೇಳಿ?

ಅದರ ಕೆಳಗೇ 14416 ಅಂತಲೂ ಬರೆಸಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.