ಸೋಲ್ ಅಂದ್ರೆ ಸೋಲು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಹಳೇ ಕಂಪ್ಯೂಟರ್. ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತವೆ ಅಂತ ಉಬುಂಟು ಅನ್ನೋ ಲಿನಕ್ಸ್ ಹಾಕಿಕೊಂಡಿದ್ದೇನೆ. ಕೆಲಸಕ್ಕೆ ಒಬ್ಬ ಹುಡುಗ. ಅರ್ಜಿ ತುಂಬೋದರಲ್ಲಿ ಚುರುಕು, ಇಸ್ಪೀಟ್ ಆಡೋದರಲ್ಲಿ ಇನ್ನೂ ಚುರುಕು. ಐಸ್ಲೆರಿಯಟ್ ಅಂತ ಒಂದು ಸಾಲಿಟೇರ್ ಆಟವಿದೆ. ಗಿರಾಕಿ ಆಧಾರ್ ಕಾರ್ಡ್ ಹಿಡಿದು ನಿಂತಿದ್ದರೂ "ಒಂದ್ನಿಮಿಷ ಯಜಮಾನ್ರೇ, ಸರ್ವರ್ ಬ್ಯುಸಿ" ಅನ್ನುತ್ತಿದ್ದ. ಪರದೆ ಮೇಲಿದ್ದದ್ದು ಆಟೀನ್ ರಾಣಿ.

ಬೈದರೆ ಕೆಲಸ ಬಿಟ್ಟು ಹೋಗುತ್ತಾನೆ. ಸುಮ್ನೆ ಆಟವನ್ನೇ ಮುಚ್ಚಿಡೋಣ ಅಂದುಕೊಂಡೆ. ಲಿನಕ್ಸ್ ಮೆನುವಿನಲ್ಲಿ ಕಾಣುವ ಪ್ರತಿ ಹೆಸರಿನ ಹಿಂದೆ ಒಂದು ಡಾಟ್ ಡೆಸ್ಕ್‌ಟಾಪ್ ಫೈಲ್ ಇರುತ್ತದೆ. ಅದರ ನಕಲನ್ನು ಹುಡುಗನ ಖಾತೆಯೊಳಗೆ ಹಾಕಿ, 'ನೋಡಿಸ್ಪ್ಲೇ=ಟ್ರೂ', ಅಂದರೆ 'ತೋರಿಸಬೇಡ', ಅಂತ ಒಂದು ಸಾಲು ಸೇರಿಸಿದೆ. ಮೆನುವಿನಿಂದ ಆಟ ಮಾಯ. ಖುಷಿಗೆ ಒಂದು ಮಿರ್ಚಿ ಮಂಡಕ್ಕಿ ತರಿಸಿ ತಿಂದೆ.

ಮಂಡಕ್ಕಿ ಮುಗಿಯುವ ಮೊದಲೇ ರಾಣಿ ವಾಪಸ್! ಹುಡುಗ ಆಲ್ಟ್ ಜೊತೆ ಎಫ್2 ಒತ್ತಿ, ಪ್ರೋಗ್ರಾಮಿನ ಹೆಸರು ಕೇಳುವ ಡಬ್ಬಿ ತೆರೆದು, ಎಸ್, ಓ, ಎಲ್ ಅಂತ ಮೂರೇ ಅಕ್ಷರ ಹೊಡೆದಿದ್ದ. ಆಟದ ಅಸಲಿ ಹೆಸರು ಅದು. 'ಸೋಲ್'. ಆಗಲೇ ನನಗೆ ಅರ್ಥ ಆಗಬೇಕಿತ್ತು.

"ಬೋರ್ಡ್ ಇಳಿಸಿದ್ರೆ ಹೋಟ್ಲು ಮುಚ್ಚುತ್ತಾ ಅಣ್ಣ?" ಅಂದ. ಹೌದಲ್ವಾ. ಈ ಊರಲ್ಲಿ ಬೆಣ್ಣೆದೋಸೆಯನ್ನು ಬೋರ್ಡ್ ನೋಡಿ ಹುಡುಕೋರು ಯಾರು?

ಸರಿ, ಹೋಟ್ಲಿಗೇ ಬೀಗ ಹಾಕೋಣ ಅಂತ ಹೊರಟೆ. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಮೂರು ಬಗೆಯ ಹಕ್ಕು: ಓದೋದಕ್ಕೆ 4, ಬರೆಯೋದಕ್ಕೆ 2, ಓಡಿಸೋದಕ್ಕೆ 1. 750 ಅಂತ ಕೊಟ್ಟರೆ ಒಡೆಯನಿಗೆ ಎಲ್ಲವೂ, ಫೈಲಿನ ಗುಂಪಿಗೆ ಓದಿ ಓಡಿಸುವಷ್ಟು, ಮಿಕ್ಕವರಿಗೆ ಸೊನ್ನೆ. 'ಆಟ' ಅಂತ ಒಂದು ಗುಂಪು ಮಾಡಿ, ಆಟದ ಫೈಲನ್ನು ಅದಕ್ಕೆ ಒಪ್ಪಿಸಿದೆ. ಗುಂಪಿನಲ್ಲಿ ಒಬ್ಬನೇ ಸದಸ್ಯ. ಯಾರು ಅಂತ ಈಗ ಬೇಡ.

ಉಳಿದದ್ದು ಒಂದೇ ಸಾಲು. ಯಜಮಾನನ ಅಧಿಕಾರ ಕೊಡುವ ಸುಡೋ, ಹಕ್ಕು ಬದಲಿಸುವ ಸಿಎಚ್‌ಮಾಡ್, 750, ಆಮೇಲೆ ಫೈಲಿನ ದಾರಿ: ಯುಎಸ್ಆರ್, ಗೇಮ್ಸ್, ಸೋಲ್, ನಡುನಡುವೆ ಓರೆ ಗೀಟು. ಯುಎಸ್ಆರ್ ಆದ ನಂತರದ ಗೀಟು ಹಾಕಿದ ಮೇಲೆ ಬೆರಳು ಸ್ಪೇಸ್ ಬಾರಿಗೆ ತಗುಲಿತು. ಬೆರಳಿಗೆ ಮಿರ್ಚಿ ಎಣ್ಣೆ ಇತ್ತು ಅನ್ನೋದು ನನ್ನ ವಾದ.

ಆ ಒಂದು ಖಾಲಿ ಜಾಗದಿಂದ ಬೀಗ ಬಿದ್ದದ್ದು ಆಟಕ್ಕಲ್ಲ, ಇಡೀ ಯುಎಸ್ಆರ್ ಫೋಲ್ಡರಿಗೆ. ಕಂಪ್ಯೂಟರಿನ ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಮ್ ಇರುವುದು ಅದರೊಳಗೇ. 'ಗೇಮ್ಸ್ ಸೋಲ್ ಸಿಗಲಿಲ್ಲ' ಅಂತ ಪರದೆ ಗೊಣಗಿತು. ತಪ್ಪು ತಿದ್ದಿ ಮತ್ತೆ ಹೊಡೆದೆ. 'ಪರ್ಮಿಷನ್ ಡಿನೈಡ್'. ಸುಡೋ ಕೂಡ ಯುಎಸ್ಆರ್ ಒಳಗೇ ಇದೆ, ನೋಡಿ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು. ಬುದ್ಧಿವಂತನ ಹಾಗೆ ರೀಸ್ಟಾರ್ಟ್ ಮಾಡಿದೆ. ಲಾಗಿನ್ ಪರದೆಯೇ ಬರಲಿಲ್ಲ.

ಹೊರಗೆ ಕಾಲೇಜು ಅರ್ಜಿಯವರು ಆರು ಜನ. ಹುಡುಗ ನಿರಾಳವಾಗಿ ಮೊಬೈಲ್ ತೆಗೆದು ಅದರಲ್ಲೇ ಇಸ್ಪೀಟ್ ಶುರು ಮಾಡಿದ. "ಸರ್ವರ್ ಬ್ಯುಸಿ" ಅಂತ ಗಿರಾಕಿಗಳಿಗೆ ಹೇಳಿದ್ದು ಈ ಸಲ ನಾನು.

ಆಮೇಲೆ ರಿಪೇರಿಗೆಂದೇ ಇರುವ ರಿಕವರಿ ಮೋಡ್‌ಗೆ ಹೋಗಿ, ಯಾವ ಬೀಗವೂ ತಡೆಯದ ರೂಟ್ ಅನ್ನೋ ಯಜಮಾನ ಆಗಿ ಒಳಗೆ ಕೂತು, ಡಿಸ್ಕಿಗೆ ಬರೆಯುವ ಅನುಮತಿ ಕೊಟ್ಟು, ಯುಎಸ್ಆರ್‌ಗೆ ಮತ್ತೆ 755, ಅಂದರೆ ಮಿಕ್ಕವರಿಗೂ ಓದಿ ಓಡಿಸುವ ಹಕ್ಕು, ಬರೆದೆ. ಜೀವ ಬಂತು. ಎರಡನೇ ಸಲ ಆಟದ ದಾರಿಯನ್ನು ಅಕ್ಷರ ಅಕ್ಷರ ಓದಿಕೊಂಡು ಬೀಗ ಹಾಕಿದೆ. ಹುಡುಗನಿಗೆ ಆಟ ನಿಜಕ್ಕೂ ಬಂದ್.

ಎರಡು ವಾರ ನೆಮ್ಮದಿ. ಅಷ್ಟರಲ್ಲಿ ಒಂದು ಅಪ್‌ಡೇಟ್ ಬಂದು, ಆಟದ ಹೊಸ ಫೈಲ್ ಇಳಿದು, ನನ್ನ 750 ಅಳಿಸಿಹೋಯಿತು. ಅಪ್‌ಡೇಟ್ ಬಂದರೂ ಬೀಗ ಉಳಿಯಬೇಕು ಅಂದರೆ ಡಿಪಿಕೆಜಿ-ಸ್ಟಾಟ್‌ಓವರ್‌ರೈಡ್ ಅನ್ನೋ ಆಜ್ಞೆ ಬೇಕಂತೆ. ಹೆಸರು ನೋಡಿಯೇ ಸುಸ್ತಾದೆ. ಆದರೂ ಹಾಕಿದೆ.

ಮೊನ್ನೆ ರಾತ್ರಿ ಷಟರ್ ಅರ್ಧ ಎಳೆದು, 'ಆಟ' ಗುಂಪಿನ ಏಕೈಕ ಸದಸ್ಯ ಒಂದು ಕೈ ಆಡುತ್ತಾ ಕೂತಿದ್ದ. ಟಿಫಿನ್ ಡಬ್ಬಿ ಮರೆತಿದ್ದ ಹುಡುಗ ಬಗ್ಗಿ ಒಳಗೆ ಬಂದದ್ದು ಗೊತ್ತೇ ಆಗಲಿಲ್ಲ.

"ಅಣ್ಣ, ಆ ಕೆಂಪು ಒಂಬತ್ತು ಕರಿ ಹತ್ತರ ಮೇಲೆ ಕೂರುತ್ತೆ ನೋಡಿ" ಅಂದ.