ಕಂಬಳಿ ಹೊದಿಸಿ ಬೆವರಿಸಿದರೆ ಮಗುವಿನ ಜ್ವರ ಇಳಿಯುವುದಿಲ್ಲ

ವಿಜಯಪುರದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಮಗುವಿಗೆ ಜ್ವರ ಬಂದರೆ ಕಂಬಳಿ ಸುತ್ತಿ ಬೆವರಿಸಿ, ಇಳಿಯದಿದ್ದರೆ ಐಸ್ ನೀರಲ್ಲಿ ಒರೆಸಿ’ ಅಂತ. ಎರಡೂ ತಪ್ಪು.

ಕಂಬಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಕಾವು ಇನ್ನೂ ಏರುತ್ತದೆ. ನಮ್ಮ ಬೇಸಿಗೆಯಲ್ಲಂತೂ ಕೇಳಲೇಬೇಡಿ. ಐಸ್ ನೀರು ಹಾಕಿದರೆ ಮಗು ನಡುಗುತ್ತದೆ, ನಡುಗಿದರೆ ಮೈ ಮತ್ತೆ ಬಿಸಿಯಾಗುತ್ತದೆ. ತೆಳುವಾದ ಹತ್ತಿ ಬಟ್ಟೆ ಹಾಕಿ. ಗಂಜಿ, ಎಳನೀರು, ಎದೆಹಾಲು ಸ್ವಲ್ಪ ಸ್ವಲ್ಪ ಕೊಡುತ್ತಿರಿ.

ಔಷಧಿಯಲ್ಲಿ ಜಾಸ್ತಿ ಎಚ್ಚರ ಬೇಕು. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಮೇಲೆ, ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಬಾಟಲಿಗಳ ಶಕ್ತಿ ಬೇರೆ ಬೇರೆ ಇರುತ್ತದೆ. 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಪಕ್ಕದ ಮನೆಯವರು ಹೇಳಿದ ‘ಒಂದು ಚಮಚ’ ನಿಮ್ಮ ಬಾಟಲಿಯಲ್ಲಿ ದುಪ್ಪಟ್ಟು ಆಗಬಹುದು, ಅಲ್ವಾ? ಲೇಬಲ್ ಓದಿ, ಡಾಕ್ಟರನ್ನು ಕೇಳಿ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಇರಲಿ, ದಿನಕ್ಕೆ 4 ಸಲ ದಾಟಬಾರದು. ಆಸ್ಪಿರಿನ್ ಬೇಡವೇ ಬೇಡ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ದೊಡ್ಡ ಮಗುವಾದರೂ ಉಸಿರಾಟ ಕಷ್ಟವಾದರೆ, ಏನೂ ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ ಹಾಗೆಯೇ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ.